ಹೇಳದೆ ತೆರೆದುಕೊಳ್ಳುತ್ತಿದ್ದ ಡಿಸ್ಕ್

ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು ತಮ್ಮ ದನಿಯನ್ನು ಉಳಿಸಿಟ್ಟುಕೊಳ್ಳಲು ಜನ ಬರುತ್ತಿದ್ದುದು ಈ ಮಾತಿನ ಚಿಕಿತ್ಸಕಿಯ ಕೋಣೆಗೆ. ಎರಡು ವರ್ಷದ ಹಿಂದೆ ಬಸ್ ಚಾಲಕನೊಬ್ಬ ಬಂದು ಮೊಮ್ಮಗಳಿಗೆಂದು ಹನ್ನೆರಡು ಕಥೆ ಧ್ವನಿಮುದ್ರಿಸಿ ಹೋಗಿದ್ದ. ಈಗ ಅವನಿಗೆ ದನಿಯಿಲ್ಲ. ಅವನ ಬಳಿಯಿದ್ದ ಪ್ರತಿಯೂ ಕಳೆದುಹೋದ ಫೋನಿನ ಜೊತೆಗೇ ಹೋಗಿತ್ತು. ಇವಳಲ್ಲಿದ್ದ ಡಿಸ್ಕಾದರೋ, ಟಿಕ್ ಟಿಕ್ ಎನ್ನುತ್ತ ಕೊನೆಯುಸಿರೆಳೆಯುತ್ತಿತ್ತು.

ಅವಳ ತಮ್ಮ, ಕಂಪ್ಯೂಟರ್ ರಿಪೇರಿ ಮಾಡುವವನು, ಫೋನಿನಲ್ಲಿ ಎಚ್ಚರಿಸಿದ್ದ: ಡಿಸ್ಕನ್ನು ತೆರೆಯಲೇಬೇಡ, ಮುಚ್ಚಿದ ಹಾಗೆಯೇ ಇಡಿಯಾಗಿ ನಕಲು ಮಾಡು, ತೆರೆದಷ್ಟೂ ಸವೆಯುತ್ತದೆ. ಆದರೆ ಸಿಕ್ಕಿಸಿದ ಮರುಗಳಿಗೆಯೇ ಅವಳ ಲಿನಕ್ಸ್ ಕಂಪ್ಯೂಟರ್ ತಾನಾಗಿ ಅದನ್ನು ತೆರೆದು ಕೂರುತ್ತಿತ್ತು. ಫೈಲ್ ಕಿಟಕಿಯ ಸೆಟ್ಟಿಂಗ್‌ನಲ್ಲಿ 'ತಾನಾಗಿ ತೆರೆ' ಎಂಬುದನ್ನು ಆಫ್ ಮಾಡಿದರೂ ಅದೇ ಹಾಡು.

ಯಂತ್ರವನ್ನು ಸಜ್ಜುಮಾಡಿಕೊಟ್ಟವನು ತಮ್ಮನೇ. ಹಾಗಾಗಿ ಅವನಿಗೆ ಚೆನ್ನಾಗಿ ಮಂಗಳಾರತಿಯಾಯಿತು.

"ಬೈಯೋದು ಆಮೇಲೆ ಬೈಯಿ," ಅಂದ ಅವನು. "ಮೊದಲು ಲಾಗ್ ನೋಡು. ಯಾರು ತೆರೀತಿದಾರೆ ಅಂತ ಅದ್ರಲ್ಲಿ ಬರೆದಿರುತ್ತೆ."

ಲಾಗ್ ಬೊಟ್ಟುಮಾಡಿದ್ದು ಎಫ್‌ಎಸ್‌ಟ್ಯಾಬ್ ಎಂಬ ಕಡತವನ್ನು. ಯಾವ ಡಿಸ್ಕನ್ನು ಎಲ್ಲಿ ತೆರೆಯಬೇಕೆಂಬ ಪಟ್ಟಿ ಅದು. ಕೊನೆಯಲ್ಲಿ ಈ ಡಿಸ್ಕಿನದೇ ಒಂದು ಸಾಲಿತ್ತು. ಅದರ ಮೇಲೊಂದು ಟಿಪ್ಪಣಿ: 'ದಿನಾ ಪಾಸ್‌ವರ್ಡ್ ಕೇಳಿ ತಲೆ ತಿನ್ನುತ್ತೆ, ತಾನೇ ತೆರ್ಕೊಳ್ಳಲಿ.'

ಆ ಸಿಡುಕು ಯಾರದೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ನಾಲಿಗೆ ಕಚ್ಚಿಕೊಂಡಳು.

ಸಾಲನ್ನು ಅಳಿಸಿ ಮತ್ತೆ ಸಿಕ್ಕಿಸಿದಳು. ಮತ್ತೆ ತೆರೆದುಕೊಂಡಿತು, ಈ ಸಲ ಒಳಗೆ ಏನೋ ಕೆರೆದ ಸದ್ದು. ತಟ್ಟನೆ ಡಿಸ್ಕ್ ಕಿತ್ತಳು. ಕಡತದಲ್ಲಿ ಅಳಿಸಿದರೆ ಸಾಲದು, ಯಂತ್ರ ಹಳೆಯ ಪಟ್ಟಿಯನ್ನೇ ತಲೆಯಲ್ಲಿಟ್ಟುಕೊಂಡಿದೆ, ಹೊಸದಾಗಿ ಓದು ಎಂದು ಆಜ್ಞೆ ಕೊಡಬೇಕು ಎಂದು ತಮ್ಮ ವಿವರಿಸಿದ. ಕೊಟ್ಟಳು. ಸಿಕ್ಕಿಸಿದಳು. ಕಾದಳು. ಪರದೆಯ ಮೇಲೆ ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಹಿತವಾಗಿರಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ.

"ಆ ಸಾಲು ಬರೆದಿದ್ದು ನಾನೇ ಕಣೋ," ಅಂದಳು.

"ಹೇಗೆ ಬರೀಬೇಕು ಅಂತ ಹೇಳ್ಕೊಟ್ಟಿದ್ದು ನಾನೇ ಇರ್ಬೇಕು, ಅಕ್ಕಾ. ಇಬ್ರಿಗೂ ಮರೆತಿದೆ."

ನಕಲಿಗೆ ಎರಡು ದಿನ ಹಿಡಿಯಿತು. ಹತ್ತು ಕಥೆ ಬಂದವು, ಎರಡು ಹೋದವು. ಚಾಲಕ ಬಂದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ. ತನ್ನ ಅನುಕೂಲಕ್ಕೆ ಬರೆದ ಒಂದು ಸಾಲಿನಿಂದ ಡಿಸ್ಕ್ ನಾಲ್ಕಾರು ಸಲ ಸುಮ್ಮಸುಮ್ಮನೆ ತೆರೆದುಕೊಂಡಿತು, ಆ ಎರಡು ಕಥೆಗಳನ್ನು ನುಂಗಿದ್ದು ಅದೇ ಇರಬಹುದು, ಇಲ್ಲದೆಯೂ ಇರಬಹುದು, ತಿಳಿಯುವ ದಾರಿಯಿಲ್ಲ ಎಂದಳು.

ಅವನು ಕಳೆದುಹೋದ ಕಥೆಗಳ ಹೆಸರು ನೋಡಿದ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದ: 'ಅವೆರಡೂ ಅಷ್ಟು ಚೆನ್ನಾಗಿರಲಿಲ್ಲ.'

ನಿಜಕ್ಕೂ ಹಾಗೆಯೋ, ತನ್ನನ್ನು ಸಮಾಧಾನಪಡಿಸಲೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಅವನು ಹೆಡ್‌ಫೋನ್ ಹಾಕಿಕೊಂಡು ಮೊದಲ ಕಥೆ ಕೇಳತೊಡಗಿದ್ದ. ತನ್ನದೇ ದನಿಯ ಜೊತೆಜೊತೆಗೆ ಅವನ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು.