ಪೀರಮ್ಮನ ಪಥ್ಯ

"ನೋಡವ್ವಾ, ಗಲ್ಲ ಹ್ಯಾಂಗ ತುಂಬ್ಯಾವ! ಬರೀ ಗಂಜಿನೀರಾಗ ಬೆಳೆದ ಕೂಸಿದು!"

ಚಂದ್ರಂಪಳ್ಳಿಯ ಓಣಿಯಲ್ಲಿ ಪೀರಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಕ್ಕದ ಮನೆಯ ಮರೆಮ್ಮನಿಗೆ ತೋರಿಸುತ್ತಿದ್ದಳು. ಕೆಮ್ಮು ಹಿಡಿದ ಮಕ್ಕಳ ಪಥ್ಯದಲ್ಲಿ ಓಣಿಗೆಲ್ಲ ಆಕೆಯದೇ ಮಾತು. ಹಾಲು ಕಫ, ಕೋಳಿತತ್ತಿ ಉಷ್ಣ, ಬೇಳೆ ವಾಯು, ಗಂಜಿನೀರೊಂದೇ ಅಮೃತ. ಮಳೆಗಾಲದಿಂದಲೂ ಕೆಮ್ಮು ಬಿಡದ ಎರಡು ವರ್ಷದ ಮೈತ್ರಿಗೆ ಅದೇ ಊಟ.

ಸೊಸೆ ಲುಂಬಿನಿ ಒಲೆಯ ಮುಂದಿನಿಂದ ನೋಡಿದಳು. ಕೂಸಿನ ಮುಖ ಬೆಣ್ಣೆಯ ಬೊಂಬೆಯಂತೆ ದುಂಡಗಿತ್ತು, ನಿಜ. ಆದರೆ ಕೂಸು ನಗುವುದನ್ನೇ ಮರೆತಿತ್ತು. ಉಸಿರೆಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ಅತ್ತಿ, ದವಾಖಾನಿಗಿ ಒಯ್ಯೋಣ್ರಿ."

"ಮೈ ಸುಡಲಿಕತ್ತದೇನು? ಜ್ವರಾನೇ ಇಲ್ಲ. ನಾಕು ಮಕ್ಕಳನ್ನ ಸಾಕಿದಕಿ ನಾ, ನಿನ್ನ ಕಡಿಂದ ಕಲೀಬೇಕಾ?"

ಗಂಡ ಅಜಯಕುಮಾರ ರೊಟ್ಟಿ ಮುರಿಯುತ್ತಲೇ, "ಅವ್ವ ಹೇಳಿದಂಗ ಕೇಳು," ಎಂದ. ಅವನ ತಾಟಿನಲ್ಲಿ ತತ್ತಿಯ ಪಲ್ಯವಿತ್ತು.

ಲುಂಬಿನಿ ಎದ್ದು ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. "ಇಷ್ಟು ದಿನ ಕೇಳೀನಿ. ಇನ್ನ ಕೇಳಂಗಿಲ್ಲ!" ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದಳು. ಬೈಯುತ್ತಲೇ ಪೀರಮ್ಮನೂ ಹಿಂದೆ ಬಂದಳು.

ಚಿಂಚೋಳಿಯ ದವಾಖಾನೆಯಲ್ಲಿ ಡಾಕ್ಟರ್ ಹಮೀದಾಬೇಗಂ ಕೂಸಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಹಸಿ ಮಣ್ಣಿನಲ್ಲಿ ಒತ್ತಿದಂತೆ ಗುಳಿ ಹಾಗೇ ಉಳಿಯಿತು.

"ಗಲ್ಲ, ಪಾದ ತುಂಬಿದ್ದು ಮಾಂಸ ಅಲ್ಲ ಆಯಿ, ನೀರು. ಕೂಸು ಉಪವಾಸ ಅದ."

"ಜ್ವರ ಇಲ್ಲಲ್ರಿ, ಡಾಕ್ಟರಮ್ಮ?"

"ಜ್ವರ ಬರಲಿಕ್ಕೂ ತ್ರಾಣ ಬೇಕು. ಹೊಟ್ಟಿಗಿ ಇಲ್ಲದಾಗ ಮೈಯಾಗ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಏರ್ತದ. ತನ್ನ ಮಾಂಸ ತಾನೇ ಕರಗಿಸಿ ಜೀವ ಹಿಡೀತದ ಮೈ. ರೋಗದ ಜೋಡಿ ಹೊಡೆದಾಡೋ ಬಲ ಕುಗ್ಗತದ. ಇಕಿ ಶ್ವಾಸಕೋಶದ ತುಂಬ ಸೋಂಕು ಅದ. ಇನ್ನ ತಡ ಮಾಡಿದ್ರ ಕೈ ತಪ್ಪತಿತ್ತು."

ಲುಂಬಿನಿಗೆ ಅನ್ನಿಸಿತು, ಮನೆಯ ತೊಲೆಗಳನ್ನೇ ಕಿತ್ತು ಒಲೆಗಿಡುವವರ ಹಾಗೆ ಬದುಕಿತ್ತೇ ತನ್ನ ಕೂಸು?

"ನನ್ನ ಮಕ್ಕಳು ಇದೇ ಪಥ್ಯದಾಗ ಬದುಕ್ಯಾರ್ರಿ," ಎಂದಳು ಪೀರಮ್ಮ.

"ಎಷ್ಟು ದಿನ ಇಡ್ತಿದ್ರಿ?"

"ಎರಡು ದಿನ. ಅಷ್ಟರಾಗ ಕೆಮ್ಮು ಹೋಗತಿತ್ತು."

"ಮಳಿಗಾಲದಿಂದ ಇಕಿಗಿ ಗಂಜಿ, ನಿಮ್ಮ ಮಗಗ ತತ್ತಿ!" ಲುಂಬಿನಿ ಚೀರಿದಳು. "ಮ್ಯಾಲ ಗಲ್ಲ ತುಂಬ್ಯಾವಂತ ಓಣಿಗೆಲ್ಲ ಡಂಗುರ!"

ಪೀರಮ್ಮ ಬಾಗಿಲ ಕಡೆ ಸರಿದಳು.

ಕೂಸನ್ನು ದವಾಖಾನೆಯಲ್ಲೇ ಇರಿಸಿಕೊಂಡರು. ಸಂಜೆಗೆ ಅದರ ಉಸಿರಿನ ಓಟ ತುಸು ತಗ್ಗಿತು. ಮೂಗಿನ ನಳಿಕೆಯಲ್ಲಿ ಹಾಲು ಹನಿಹನಿಯಾಗಿ ಇಳಿಯುತ್ತಿತ್ತು. ಬಾಗಿಲಲ್ಲೇ ನಿಂತಿದ್ದ ಪೀರಮ್ಮನ ಫೋನು ಬಡಿದುಕೊಂಡಿತು. ಮರೆಮ್ಮ.

"ಯಕ್ಕಾ, ನಮ್ಮ ಭೀಮುಗ ಭಾಳ ಕೆಮ್ಮು. ಗಂಜಿ ತೆಳ್ಳಗ ಮಾಡ್ಲೇನು?"

ಪೀರಮ್ಮ ಕೂಸಿನ ಕಡೆ ನೋಡಿದಳು.

"ಗಂಜಿ ಬ್ಯಾಡ. ಹಾಲು ಕುಡಿಸಿ, ಎತ್ಗೊಂಡು ಸೀದಾ ದವಾಖಾನಿಗಿ ಬಾ. ಓಣ್ಯಾಗೂ ಹೇಳು, ಪೀರಮ್ಮನ ಪಥ್ಯ ಯಾರೂ ನಂಬಬ್ಯಾಡ್ರಿ ಅಂತ. ನಾನೇ ಅಂದೀನಿ ಅಂತ ಹೇಳು."

ಲುಂಬಿನಿ ಅತ್ತೆಯ ಮುಖ ನೋಡಲಿಲ್ಲ. ಬೆಂಚಿನ ಮೇಲೆ ತುಸು ಸರಿದು ಜಾಗ ಬಿಟ್ಟಳು.