ಕುಟುಂಬದ ವಿವರ

ಹೊಗೆಯಲ್ಲ, ಮಂಜು — ಕಾರಿನ ಮುಂದಿನ ಗಾಜನ್ನು ಪ್ರಶಾಂತ ಅಂಗೈಯಿಂದ ಒರೆಸುತ್ತಾನೆ, ಒರೆಸಿದಷ್ಟು ಜಾಗದಲ್ಲಿ ರಸ್ತೆ ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಂಡೇ ಇರಲಿ, ಟೈರು ಪಂಕ್ಚರ್ ಆಗಲಿ, ಯಾ ಅಲ್ಲಾ, ಸವಣೂರು ಬರದೇ ಇರಲಿ ಎಂದುಕೊಳ್ಳುತ್ತ ಸುಮಯ್ಯ ಹಿಂದಿನ ಸೀಟಿನಲ್ಲಿ ಬೆರಳಿಗೆ ಬೆರಳು ಹೆಣೆದು ಕೂತಿದ್ದಾಳೆ, ಸವಣೂರು ಅವಳದೇ ಊರು, ಅಲ್ಲಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವಳ ಅಮ್ಮಿ ಮಲಗಿದ್ದಾಳೆ, ಪಕ್ಕದಲ್ಲಿ ತೂಕಡಿಸುತ್ತಿರುವ ಶ್ವೇತಾಗೆ ಅದು ಗೊತ್ತಿಲ್ಲ, ಪ್ರಶಾಂತನಿಗೂ ಗೊತ್ತಿಲ್ಲ, ಅಮ್ಮಿ ಹತ್ತಿಮತ್ತೂರಿನ ಖಾಲಾನ ಮನೆಯಲ್ಲಿದ್ದಾಳೆ ಎಂದು ಇಬ್ಬರಿಗೂ ಹೇಳಿಟ್ಟಿದ್ದಾಳೆ, ಖಾಲಾ ಎನ್ನುವವಳೇ ಇಲ್ಲ, ಅಮ್ಮಿಗೆ ಅಕ್ಕತಂಗಿಯರೇ ಇಲ್ಲ. ಅಬ್ಬಾ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮಳೆಗೆ ಮಣ್ಣಿನ ಗೋಡೆ ಬಿತ್ತು, ಗೋಡೆ ಬಿದ್ದ ವಾರಕ್ಕೇ ಅಬ್ಬಾನ ತಮ್ಮ ಚಾಚಾ ಜಾಗ ತನ್ನದೆಂದ, ಹಾಸ್ಟೆಲಿನ ಒಂದು ಮಂಚದಲ್ಲಿ ಇಬ್ಬರು ಮಲಗುವುದು ಹೇಗೆ, ನೀನು ಓದು ಬೇಟಿ, ಹಗಲೆಲ್ಲ ವೀಳ್ಯದೆಲೆ ಜೋಡಿಸುವ ಕೆಲಸವಿದೆ, ಉಳಿದದ್ದು ರಾತ್ರಿಯೊಂದೇ ತಾನೆ, ಕಣ್ಣು ಮುಚ್ಚಿದರೆ ಮುಗಿಯಿತು — ಎಷ್ಟು ಹಗುರಾಗಿ ಹೇಳಿದ್ದಳು ಅಮ್ಮಿ, ಎಲೆ ಹಿಡಿದು ಹಿಡಿದು ಹಸಿರಾದ ಬೆರಳಿನಿಂದ ಮಗಳ ಕೂದಲು ಸರಿಮಾಡುತ್ತ.

ಅಮ್ಮಿಗೆ ಇನ್ನೊಮ್ಮೆ ಫೋನು ಹಚ್ಚುತ್ತಾಳೆ, ಸ್ವಿಚ್ ಆಫ್, ಹಗಲು ಯಾರದೋ ಅಂಗಡಿಯಲ್ಲಿ ಚಾರ್ಜಿಗಿಟ್ಟರಷ್ಟೇ ಅದಕ್ಕೆ ಜೀವ. ತಪ್ಪು ತನ್ನದೇ. ಹಾವೇರಿಯ ಕಾಲೇಜಿನಲ್ಲಿ ಎರಡು ದಿನದ ಹ್ಯಾಕಥಾನ್, ಮನೆಯಿಲ್ಲದವರಿಗೆ ನೆರವಾಗುವ ತಂತ್ರಜ್ಞಾನ ಕಟ್ಟಬೇಕು, ಇವರ ಆ್ಯಪಿನ ಹೆಸರು ನೆರಳು, ಬಯಲಲ್ಲಿ ಮಲಗುವವರ ಫೋಟೋ, ವಿವರ ತುಂಬಿದರೆ ಹತ್ತಿರದಲ್ಲಿ ಎಲ್ಲಿ ಆಶ್ರಯವಿದೆ ಎಂದು ತೋರಿಸುತ್ತದೆ, ಎಲ್ಲ ಚೆನ್ನಾಗಿತ್ತು, ನಿನ್ನೆ ತೀರ್ಪುಗಾರರು ಇದರಾಗ ಖರೇ ಮಂದಿ ಎಲ್ಲದಾರ ಎಂದು ಕೇಳುವ ತನಕ. ಹಾನಗಲ್ಲಿಗೆ ಹೋಗೂಣು ಎಂದಳು ಸುಮಯ್ಯ, ಶಿಗ್ಗಾಂವಿ ಎಂದಳು, ದೂರದ ಹಿರೇಕೆರೂರನ್ನೂ ಹೇಳಿ ನೋಡಿದಳು, ಪ್ರಶಾಂತ ನಕ್ಕ, ಸವಣೂರು ನಿನ್ನ ಊರಲ್ಲೇನ, ನೀ ಇದ್ರ ಮಂದಿ ಬಾಯಿಬಿಟ್ಟು ಮಾತಾಡ್ತಾರ, ಮುಂಜಾನಿ ಏಳಕ್ಕ ಹೋಗೂಣು. ಏಳಕ್ಕೆ ಅಮ್ಮಿ ಅಲ್ಲಿ ಇರುತ್ತಿರಲಿಲ್ಲ. ಆದರೆ ಶ್ವೇತಾಗೆ ನೆನಪಿತ್ತು, ಏ, ಸುಮಯ್ಯ ಹೇಳಿದ್ಲಲ್ಲ, ಕಸ ಹೊಡಿಯೋರು ಬರೂದಕ್ಕಿಂತ ಮದಲ ಹೆಣ್ಮಕ್ಕಳು ಎದ್ದು ಹೋಗಿಬಿಡ್ತಾರಂತ, ಐದೂವರಿಗೆ ಹೋಗೂಣು. ಹೌದು, ಹೇಳಿದ್ದಳು, ನಿನಗ ಹೆಂಗ ಗೊತ್ತು ಎಂದಾಗ ಎಲ್ಲೋ ಓದಿದ್ದೆ ಎಂದೂ ಹೇಳಿದ್ದಳು. ಇವತ್ತು ಹನ್ನೊಂದಕ್ಕೆ ಸಭಾಂಗಣದಲ್ಲಿ ದೊಡ್ಡ ಪರದೆ, ಮುನ್ನೂರು ಹುಡುಗ ಹುಡುಗಿಯರು, ಹಾಸ್ಟೆಲಿನವರೆಲ್ಲ ಇರುತ್ತಾರೆ, ಪರದೆ ತುಂಬ ಅಮ್ಮಿಯ ಮುಖ, ಅಮ್ಮಿಯ ಮೂಗು ತನಗೂ ಇದೆ, ಅದೇ ಗದ್ದ — ಬಂತು ನೋಡ್ರಿ, ಇಳೀರಿ, ಎನ್ನುತ್ತಾನೆ ಪ್ರಶಾಂತ.

ಕಾಲು ನಡೆಯುತ್ತವೆ, ಅವಳು ನಡೆಸುತ್ತಿಲ್ಲ. ಕಟ್ಟೆಯ ಮೇಲೆ ಒಬ್ಬ ಮುದುಕ, ಅವನಾಚೆ ಯಾರೋ ಇಬ್ಬರು, ಕೊನೆಗೆ ಹೆಂಗಸರ ಕೋಣೆಯ ಬಾಗಿಲ ಹತ್ತಿರ ಎದ್ದು ಕೂತು ಚಾದರ ಮಡಚುತ್ತಿರುವವಳು, ಮಡಚುವ ಕೈ ನಿಂತಿತು, ಅಮ್ಮಿ ನೋಡಿದಳು, ಮಗಳನ್ನು, ಮಗಳ ಕೊರಳಿನ ಕಾಲೇಜು ಬಿಲ್ಲೆಯನ್ನು, ಜೊತೆಯವರನ್ನು. ಈಗ ಕರೆಯುತ್ತಾಳೆ, ಈಗ — ಬರ್ರಿ ಅಕ್ಕಾರ, ಕುಂತ್ರಿ, ಎಂದಳು ಅಮ್ಮಿ. ಕನ್ನಡದಲ್ಲಿ. ಮಗಳನ್ನು ಹುಟ್ಟಿದಾಗಿನಿಂದ ಮನೆಯ ಉರ್ದುವಿನ ಹೊರತು ಬೇರೆ ಮಾತಿನಲ್ಲಿ ಕರೆದವಳಲ್ಲ, ಬೈದದ್ದೂ ಅದರಲ್ಲೇ, ಈಗ ಅಕ್ಕಾರ, ಈಗ ಕುಂತ್ರಿ. ಶ್ವೇತಾ ಕೇಳುತ್ತಾಳೆ, ಸುಮಯ್ಯ ಫೋನಿನಲ್ಲಿ ತುಂಬಬೇಕು. ಹೆಸರು? ಗೌಸಬಿ ಅಂತರಿ. ವಯಸ್ಸು? ನಲವತ್ತಾರು. ಮನ್ಯಾಗ ಯಾರ್ಯಾರು ಅದಾರ್ರಿ? ಯಾರೂ ಇಲ್ಲರಿ. ಮಕ್ಕಳು? ಹುಬ್ಬಳ್ಳಿ ಬಸ್ಸು ಗುರುಗುಟ್ಟಿತು, ಅದು ಹೊರಟು ಹೋಗುವಷ್ಟರಲ್ಲಿ ಅಮ್ಮಿ ಅರ್ಧಕ್ಕೆ ನಿಂತ ಚಾದರವನ್ನು ಮಡಚಿ ಮುಗಿಸಿದಳು. ಮಕ್ಕಳಿಲ್ಲರಿ. ಹಾಕ್ ಸುಮಯ್ಯ, ಎಂದಳು ಶ್ವೇತಾ, ಸುಮಯ್ಯ ಸೊನ್ನೆ ಒತ್ತಿದಳು, ಒತ್ತಿದ ಬೆರಳನ್ನು ಅಮ್ಮಿ ನೋಡುತ್ತಿದ್ದಳು. ಶ್ವೇತಾ ಫೋನು ಇಸಿದುಕೊಂಡು ಅಮ್ಮಿಯ ಮುಖಕ್ಕೆ ಹಿಡಿದಳು. ಫೋಟೋ ಬ್ಯಾಡ, ಎಂದು ಒದರಿದ್ದು ತಾನೇ ಏನು, ದನಿ ಅಷ್ಟು ದೊಡ್ಡದಾಯಿತೇಕೆ, ಪ್ರಶಾಂತ ತಿರುಗಿ ನೋಡಿದ, ಫೋಟೋ ಇಲ್ಲಂದ್ರ ಆ್ಯಪ್ ತಗೊಳ್ಳಂಗಿಲ್ಲಲೇ, ಏನಾತ ನಿನಗ? ಅಮ್ಮಿ ತಾನಾಗಿಯೇ ತಲೆಯ ಸೆರಗನ್ನು ಹಿಂದಕ್ಕೆ ಸರಿಸಿದಳು, ತಗೋರಿ, ನಮ್ಮ ಸಲುವಾಗಿ ಇಷ್ಟು ದೂರ ಬಂದೀರಿ.

ಕಾರು ಹಾವೇರಿಯ ಕಡೆಗೆ ತಿರುಗಿದೆ, ಬಿಸಿಲು ಬಿದ್ದಿದೆ, ಅಳಾಕತ್ತೀ ಏನ ಎನ್ನುತ್ತಾಳೆ ಶ್ವೇತಾ, ಇಲ್ಲ, ಥಂಡಿ, ಎನ್ನುತ್ತಾಳೆ ಸುಮಯ್ಯ, ಯಾರಿಗೂ ತಿಳಿಯಲಿಲ್ಲ, ತಿಳಿಯಲಿಲ್ಲವಲ್ಲ, ಹೆದರಿಕೆ ಇನ್ನೂ ಯಾಕೆ ಹೋಗಿಲ್ಲ. ಫೋಟೋ ಭಾರಿ ಬಂದೈತಿ ನೋಡು ಎಂದು ಶ್ವೇತಾ ಫೋನನ್ನು ಅವಳ ತೊಡೆಯ ಮೇಲಿಡುತ್ತಾಳೆ, ಸುಮಯ್ಯ ನೋಡುತ್ತಾಳೆ, ಅಮ್ಮಿ ಕ್ಯಾಮೆರಾ ನೋಡುತ್ತಿಲ್ಲ, ಪಕ್ಕಕ್ಕೆ ನೋಡುತ್ತಿದ್ದಾಳೆ, ಸುಮಯ್ಯ ನಿಂತಿದ್ದ ಕಡೆಗೆ, ಹನ್ನೊಂದಕ್ಕೆ ಯಾರಾದರೂ ಕೇಳಿದರೆ, ಈ ಹೆಂಗಸು ಯಾರನ್ನು ಹೀಗೆ ನೋಡುತ್ತಿದ್ದಾಳೆ ಎಂದು ಒಬ್ಬರಾದರೂ ಕೇಳಿದರೆ — ಪರದೆಯನ್ನು ಆರಿಸುತ್ತಾಳೆ, ಹಚ್ಚುತ್ತಾಳೆ, ಪಕ್ಕಕ್ಕೆ ನೋಡುವ ಎರಡು ಕಣ್ಣು, ಕೆಳಗೆ ಮಕ್ಕಳು ಸೊನ್ನೆ, ಆರಿಸುತ್ತಾಳೆ, ಹಚ್ಚುತ್ತಾಳೆ, ಎರಡು ಕಣ್ಣು, ಸೊನ್ನೆ, ಎರಡು ಕಣ್ಣು