ಖಾಲಿ ಓಡಿಸಬಾರದ ಮೆಷೀನು

೧
ಹೇಗೆ ಶುರು ಮಾಡಲಿ? “ಕರೆಂಟು ಹೋಯಿತು” ಎಂದರೆ ನೀವು ಮೇಣದಬತ್ತಿ ಹುಡುಕಲು ಹೋಗುತ್ತೀರಿ. “ಅವಳಿಗೆ ಎಂ.ಟೆಕ್ ಮಾಡುವ ಮನಸ್ಸಾಯಿತು” ಎಂದರೆ ಹೋದವರು ವಾಪಸ್ಸೇ ಬರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಸಾಕೆಟ್ಟಿಗೆ ಸಿಕ್ಕಿಸುತ್ತೇನೆ: ಎಂ.ಟೆಕ್ ಇಂಟರ್‌ವ್ಯೂ ನಡೆಯುತ್ತಿದ್ದಾಗ ಕರೆಂಟು ಹೋಯಿತು.

(ತೆಗೆದವನು ನಾನೇ. ಕಥೆಗಾರನಿಗೆ ಇರುವುದು ಅದೊಂದೇ ಅಧಿಕಾರ.)

೨
ಈ ಮನೆಯ ಸಂಗತಿ ಮೊದಲೇ ಹೇಳಿಬಿಡಬೇಕು. ಕರೆಂಟು ಹೋದರೆ ಊರಿನವರ ಮುಖ ಬಾಡುತ್ತದೆ, ಇವರ ಮುಖ ಬೆಳಗುತ್ತದೆ. ಯಜಮಾನರು ಡೀಸೆಲ್ ಜನರೇಟರು ಬಾಡಿಗೆಗೆ ಕೊಡುವವರು. ಬೀದಿಯವರ ಬಾಯಲ್ಲಿ ಜನರೇಟರಪ್ಪ. ಬಾಡಿಗೆಗೆ ಹೋಗುವ ಮುನ್ನ ಪ್ರತಿ ಮೆಷೀನಿಗೂ ಅಂಗಳದಲ್ಲಿ ಲೋಡ್ ಟೆಸ್ಟು, ಅಂದರೆ ಭಾರ ಹೊರಿಸಿ ಓಡಿಸಿ ನೋಡುವುದು. ಖಾಲಿ ಓಡಿಸಿದರೆ ಒಳಗೆ ಮಸಿ ಕಟ್ಟಿ ಕೆಡುತ್ತದೆ. ಹಾಗಾಗಿ ಡುಗುಡುಗು ಕೇಳಿದ ಕೂಡಲೇ ಅಮ್ಮ ಇಸ್ತ್ರಿಪೆಟ್ಟಿಗೆ, ಗೀಸರು, ಮಿಕ್ಸಿ ಎಲ್ಲವನ್ನೂ ಒಟ್ಟಿಗೆ ಹಚ್ಚಿಬಿಡುತ್ತಾರೆ. ಮಗಳು ಎಂಜಿನಿಯರಿಂಗ್ ಮುಗಿಸಿದ್ದೂ ಈ ಗದ್ದಲದಲ್ಲೇ. ಈಗ ಏಸಿ ಕಂಪನಿಯೊಂದರಲ್ಲಿ ಕೊಟೇಶನ್ ಟೈಪ್ ಮಾಡುತ್ತಾಳೆ, ನಿದ್ದೆಗಣ್ಣಲ್ಲೂ ಮಾಡುವಷ್ಟು ಸಲೀಸಾಗಿ.

ಸಸ್ಟೇನಬಲ್ ಎನರ್ಜಿಯಲ್ಲಿ ಎಂ.ಟೆಕ್ ಮಾಡುವ ಆಸೆಯನ್ನು ಅವಳು ಅಮ್ಮನಿಗೆ ಮಾತ್ರ ಹೇಳಿದ್ದಳು.

“ಸುಸ್ತಾಗದ ಎನರ್ಜಿನಾ? ನನಗೂ ಒಂದು ಸೀಟು ಹೇಳಿಡೇ.”

“ತಮಾಷೆ ಬಿಡಮ್ಮ. ಅಪ್ಪಂಗೆ ಹೇಗೆ ಹೇಳ್ಲಿ? ನಿನ್ನ ಅನ್ನಕ್ಕೆ ಕಲ್ಲು ಹಾಕೋದು ಹೇಗೆ ಅಂತ ಓದ್ಕೊಂಡು ಬರ್ತೀನಿ ಅಂತಲಾ?”

ಹೇಳಲಿಲ್ಲ. ಆನ್‌ಲೈನ್ ಇಂಟರ್‌ವ್ಯೂ ದಿನ “ಆಫೀಸ್ ಮೀಟಿಂಗು” ಎಂದು ಲ್ಯಾಪ್‌ಟಾಪ್ ಹಿಡಿದು ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡಳು.

೩
(ಮೊದಲ ಡ್ರಾಫ್ಟಿನಲ್ಲಿ ಅಪ್ಪ ಮೀಸೆ ತಿರುವುವ ಖಳನಾಯಕ. ಅವರು ಓದಿ, “ಸ್ವಾಮಿ, ನನಗೆ ಮೀಸೆನೇ ಇಲ್ವಲ್ಲ” ಎಂದರು. ಹರಿದು ಹಾಕಿದೆ.)

೪
ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿತ್ತು. (ಎಂಜಿನಿಯರ್ ಮನೆಯಲ್ಲೇ ಹೀಗಾ ಎನ್ನಬೇಡಿ. ಎಂಜಿನಿಯರ್ ಮನೆಯಲ್ಲೇ ಹೀಗೆ.)

ಹೊರಗಿದ್ದ ಅಪ್ಪ ಎಂದಿನಂತೆ ಹಿಗ್ಗಿ ಕಿಟಕಿಯಲ್ಲಿ ಇಣುಕಿದರೆ, ಮಗಳ ಕಣ್ಣಲ್ಲಿ ನೀರು. ಈ ಮನೆಯಲ್ಲಿ ಕರೆಂಟು ಹೋಗಿದ್ದಕ್ಕೆ ಯಾರೂ ಅತ್ತಿದ್ದಿಲ್ಲ. ಅವರಿಗೆ ಕೈಕಾಲೇ ಆಡಲಿಲ್ಲ. ಆಡಿದಾಗ ಒಂದು ಲ್ಯಾಪ್‌ಟಾಪಿಗೆಂದು ಚಾಲೂ ಮಾಡಿದ್ದು ಅಂಗಳದ ಅತಿ ದೊಡ್ಡ ಮೆಷೀನನ್ನು, ಇಡೀ ಸಭಾಂಗಣ ಬೆಳಗಿಸುವಂಥದ್ದು. ಕಿಟಕಿ ಪಕ್ಕದ ಚೇಂಜ್‌ಓವರ್ ಹಿಡಿಕೆಯನ್ನು ಬೀದಿಯ ಕರೆಂಟಿನಿಂದ ಜನರೇಟರಿನ ಕಡೆಗೆ ತಿರುಗಿಸಿದರು.

“ಹ್ಞೂಂ... ಬಂದ್ರಾ?” ಪರದೆಯಲ್ಲಿ ಕನ್ನಡಕದ ಪ್ರೊಫೆಸರು. ಮೂಗಿನಲ್ಲೇ ಮಾತು, ಮೂಗಿನಲ್ಲೇ ಮುನಿಸು. “ಇನ್ನೊಂದ್ಸಲ ಕಟ್ಟಾದ್ರೆ, ಹ್ಞೂಂ, ಮುಂದಿನವರನ್ನ ಕರೀತೀವಿ. ಅದೇನಮ್ಮ ಶಬ್ದ?”

“ನಮ್ಮಪ್ಪ, ಸರ್.”

“ಹ್ಞಾಂ?”

“ನಮ್ಮಪ್ಪನ ಡೀಸೆಲ್ ಜನರೇಟರ್.”

“ಸಸ್ಟೇನಬಲ್ ಎನರ್ಜಿಗೆ ಸೀಟು ಕೇಳ್ತಿದೀರಿ, ಡೀಸೆಲ್ಲಲ್ಲಿ ಮಾತಾಡ್ತಿದೀರಿ. ಸರಿ, ಹೇಳಿ. ಇದನ್ನ ಏನು ಮಾಡ್ತೀರಿ?”

ಕಿಟಕಿಯಲ್ಲಿ ಅಪ್ಪನ ಮುಖ ಹಾಗೇ ನಿಂತಿತ್ತು. ಎಲ್ಲವೂ ಕೇಳಿಸಿತ್ತು. ಜೀವಮಾನವಿಡೀ ಈ ಶಬ್ದದ ನಡುವೆ ಮಾತು ಕೇಳಿ ಪಳಗಿದ ಕಿವಿ ಅದು.

೫
ಇಲ್ಲಿ ನನ್ನ ಬಳಿ ಎರಡು ಮುಕ್ತಾಯ ತಯಾರಿದ್ದವು.

ಅ) “ಇವನ್ನೆಲ್ಲ ಗುಜರಿಗೆ ಹಾಕಬೇಕು ಸರ್.” ಅಪ್ಪ ಮೆಷೀನು ಆಫ್ ಮಾಡುತ್ತಾರೆ. ಕತ್ತಲು. ಮೌನ. ಸಂಕೇತ. ವಿಮರ್ಶಕರಿಗೆ ಹಬ್ಬ.

ಆ) “ಇದರಂಥ ಮೆಷೀನು ಇಲ್ಲ ಸರ್.” ಅಪ್ಪ ಉಳಿಯುತ್ತಾರೆ, ಸೀಟು ಹೋಗುತ್ತದೆ.

ಅವಳಿಗೆ ಎರಡನ್ನೂ ತೋರಿಸಿದೆ.

“ನಿಮ್ಮದೂ ಒಂದು ಕೊಟೇಶನ್ನಾ?” ಎಂದಳು. “ಸ್ವಲ್ಪ ಪಕ್ಕಕ್ಕೆ ಸರೀರಿ, ಹೊಗೆ ಕಾಣಿಸ್ತಿಲ್ಲ.”

ನಿಜಕ್ಕೂ ಹೊಗೆ. ಅಷ್ಟು ದೊಡ್ಡ ಮೆಷೀನಿಗೆ ಇಷ್ಟೇ ಇಷ್ಟು ಲೋಡು. ಅವಳು ಕ್ಯಾಮೆರಾ ಮರೆತು ಕೂಗಿದಳು: “ಅಮ್ಮಾ! ಮೆಷೀನ್ ಖಾಲಿ ಓಡ್ತಿದೆ! ಇಸ್ತ್ರಿ ಹಚ್ಚು, ಗೀಸರ್ ಹಾಕು!”

ಅಮ್ಮ ಬಟ್ಟೆರಾಶಿಯೊಂದಿಗೆ ನುಗ್ಗಿ, ಪ್ರೊಫೆಸರಿಗೆ ನಮಸ್ಕಾರ ಹಾಕಿ, ಅವಳ ಬೆನ್ನ ಹಿಂದೆಯೇ ಇಸ್ತ್ರಿಗೆ ನಿಂತರು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಮ್ಮ ಇನ್ನೂ ಅಲ್ಲೇ ಇದ್ದರು.

“ಸರ್, ನಮ್ಮನೇಲಿ ಮೆಷೀನ್ ಖಾಲಿ ಓಡಿಸಲ್ಲ,” ಎಂದಳು. “ಆದ್ರೆ ಅದಕ್ಕೋಸ್ಕರ ಬೇಡದ ಬಟ್ಟೆಗೂ ಇಸ್ತ್ರಿ ಆಗುತ್ತೆ. ಜೊತೆಗೆ ಬ್ಯಾಟರಿ ಇಟ್ರೆ ಆ ಶಕ್ತಿ ಅಲ್ಲಿ ಕೂಡುತ್ತೆ, ಇದು ಸ್ವಲ್ಪ ಹೊತ್ತು ಓಡಿದ್ರೆ ಸಾಕು. ನಾಳೆ ಬಿಸಿಲಿನ ಪ್ಯಾನೆಲ್ ಬಂದ್ರೆ ಅಷ್ಟೂ ಬೇಡ. ನಾನೂ ಆಫೀಸಲ್ಲಿ ಖಾಲಿ ಓಡ್ತಿದೀನಿ, ಸರ್. ಮಸಿ ಕಟ್ತಿದೆ.”

ಕಿಟಕಿಯಿಂದ ಅಪ್ಪ: “ಅಷ್ಟೂ ಬೇಡ ಅಂದ್ರೆ ನನ್ನ ಬಾಡಿಗೆ ಗತಿ ಏನೇ?”

“ಹ್ಞೂಂ,” ಎಂದರು ಪ್ರೊಫೆಸರು. “ನನ್ನದೂ ಅದೇ ಪ್ರಶ್ನೆ. ಅವರಿಗೇ ಹೇಳಿ.”

ಅವಳು ಕ್ಯಾಮೆರಾಗೆ ಪಕ್ಕ ಕೊಟ್ಟು ಕಿಟಕಿಯತ್ತ ತಿರುಗಿದಳು. “ಪೂರ್ತಿ ಗೊತ್ತಿಲ್ಲಪ್ಪ. ಅದನ್ನೇ ಓದೋಕೆ ಹೊರಟಿರೋದು. ಗೊತ್ತಿರೋಷ್ಟು ಹೇಳ್ತೀನಿ, ಕೇಳು.”

೬
ಆಗಲೇ ಚೇಂಜ್‌ಓವರಿನ ಮೇಲೆ ಹಸಿರು ದೀಪ ಹತ್ತಿತು. ಬೀದಿಗೆ ಕರೆಂಟು ಬಂದಿದೆ. (ಕೊಟ್ಟವನೂ ನಾನೇ. ಮುಗಿಸಬೇಕಲ್ಲ!)

ಕರೆಂಟು ಬಂದಮೇಲೆ ಒಂದು ಹನಿ ಡೀಸೆಲ್ ಸುಟ್ಟವರಲ್ಲ ಜನರೇಟರಪ್ಪ. ಅವರ ಕೈ ತಾನಾಗಿ ಹಿಡಿಕೆಗೆ ಹೋಯಿತು. ತಿರುಗಿಸಿದರೆ ಕಣ್ಣು ಮಿಟುಕಿಸುವಷ್ಟು ಕತ್ತಲು, ಅಷ್ಟರಲ್ಲಿ ಲ್ಯಾಪ್‌ಟಾಪು ಸಾಯುತ್ತದೆ, ಸೀಟೂ.

“ರೀ, ಕರೆಂಟ್ ಬಂತು, ಆಫ್ ಮಾಡ್ರೀ!” ಇಸ್ತ್ರಿ ಮಾಡುತ್ತಲೇ ಅಮ್ಮ.

“ಸುಮ್ನಿರೇ. ಅವಳು ಮಾತಾಡ್ತಿದಾಳೆ.”

ಸೀಟು ಸಿಕ್ಕಿತೇ? ಉತ್ತರ ಅಪ್ಪನಿಗೆ ಒಪ್ಪಿಗೆಯಾಯಿತೇ? ಡುಗುಡುಗು ಡುಗುಡುಗು, ನನಗೊಂದೂ ಕೇಳಿಸುತ್ತಿಲ್ಲ. ಕಿಟಕಿಯ ಬಳಿ ಹೋಗಿ ಅಂಗಲಾಚಿದೆ: “ಯಜಮಾನ್ರೇ, ಸ್ವಲ್ಪ ಆಫ್ ಮಾಡಿದ್ರೆ ಕಥೆ ಮುಗಿಸ್ಕೋತೀನಿ.”

ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ, ತಿರುಗಿಸಲೂ ಇಲ್ಲ. ಮಗಳ ಮೇಲಿನ ಕಣ್ಣು ಕೀಳದೆ ಹೇಳಿದರು:

“ನೀವೂ ಸ್ವಲ್ಪ ಸುಮ್ನಿರಿ.”